ವಿವರ ಬರೆಯುವ ಜಾಗ

ಮಾರುಕಟ್ಟೆಯವರು ಅವನ ಬೆನ್ನ ಹಿಂದೆ ಅವನನ್ನು ‘ನಾಲ್ಕು ಗಂಟೆ’ ಅಂತ ಕರೆಯುತ್ತಿದ್ದರು. ಉಳಿತಾಯ ಸಂಘದ ಕಡೆಯಿಂದ ದಿನಾ ಅಂಗಡಿ ಅಂಗಡಿಗೆ ಹೋಗಿ, ಅವತ್ತಿನ ವ್ಯಾಪಾರದಲ್ಲಿ ಅಂಗಡಿಯವರು ಎತ್ತಿಟ್ಟ ಹಣ ಕಟ್ಟಿಸಿಕೊಂಡು ಚೀಟಿ ಹರಿದು ಕೊಡುವುದು ಅವನ ಕೆಲಸ. ತಗಡಿನ ಮಾಡಿನ ಆ ಓಣಿಗೆ ಅವನು ಕಾಲಿಡುವ ಹೊತ್ತಿಗೆ ಸರಿಯಾಗಿ ನಾಲ್ಕಾಗಿರುತ್ತಿತ್ತು. ಅವನನ್ನು ಕಂಡ ಕೂಡಲೇ ಮೊಟ್ಟೆ ಅಂಗಡಿಯವಳು ಮಗಳನ್ನು ಶಾಲೆಯಿಂದ ಕರೆತರಲು ಏಳುತ್ತಿದ್ದಳು. ಬೀಗ ರಿಪೇರಿಯವನು ಅರ ಕೆಳಗಿಟ್ಟು ಟೀಗೆ ಹೇಳುತ್ತಿದ್ದ. ಗಡಿಯಾರ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಐವತ್ತು ದಾಟಿದ್ದ ಅವನು ಮದುವೆಯಾಗಿರಲಿಲ್ಲ. ಕಾರಣ ದೊಡ್ಡದೇನಲ್ಲ. ಆಗಬೇಕಾದ ವಯಸ್ಸಿನಲ್ಲಿ ತಾಯಿಗೆ ಕಾಯಿಲೆ, ಅದು ಮುಗಿಯುವಷ್ಟರಲ್ಲಿ ಯಾರೂ ಕೇಳುವವರಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಅಕ್ಕನ ಜೊತೆ ಇದ್ದ. ಅಕ್ಕನಿಗೆ ಮಂಡಿ ನೋವು, ಆದರೆ ನಾಲಿಗೆಗೆ ಯಾವ ನೋವೂ ಇರಲಿಲ್ಲ.

ಓಣಿಯ ಕೊನೆಯ ಅಂಗಡಿ ಗುಂಡಿಗಳದು. ಅಂಗಿಯ ಗುಂಡಿ, ಕೋಟಿನ ಗುಂಡಿ, ಚಿಪ್ಪಿನದು, ಮರದ್ದು, ಹಿತ್ತಾಳೆಯದು. ನೆಲದಿಂದ ಮಾಡಿನವರೆಗೆ ರಟ್ಟಿನ ಡಬ್ಬಿಗಳು. ಪ್ರತಿ ಡಬ್ಬಿಯ ಮುಖದ ಮೇಲೆ, ಒಳಗೆ ಇರುವಂಥದೇ ಒಂದು ಗುಂಡಿಯನ್ನು ದಾರ ಹಾಕಿ ಹೊಲಿದಿತ್ತು. ಅಂಗಡಿಯವಳ ಗಂಡ ಕಟ್ಟಿದ ಅಂಗಡಿ. ಅವನು ತೀರಿಕೊಂಡ ಮೇಲೆ ಅವಳೂ ನಾದಿನಿಯೂ ಸೇರಿ ನಡೆಸುತ್ತಿದ್ದರು. ಬೆಳಿಗ್ಗೆ ನಾದಿನಿ, ಮಧ್ಯಾಹ್ನದ ಮೇಲೆ ಅವಳು. ‘ಗುಂಡಿ ಅಂಗಡಿ’ ಅನ್ನುವ ಹೆಸರಿಗೆ ಯಾರಾದರೂ ನಕ್ಕರೆ, “ನಮ್ಮ ಗುಂಡಿಗೆ ಬಿದ್ದು ಯಾರೂ ಕೈಕಾಲು ಮುರ್ಕೊಂಡಿಲ್ಲ, ಧೈರ್ಯವಾಗಿ ಬನ್ನಿ” ಅನ್ನುತ್ತಿದ್ದಳು.

ಅಲ್ಲಿ ಅವನು ಸ್ವಲ್ಪ ಹೊತ್ತು ಕೂರುತ್ತಿದ್ದ. ಕೊನೆಯ ಅಂಗಡಿ, ಕಾಲು ಸೋತಿರುತ್ತದೆ ಎಂಬುದು ನೆಪ. ಉಳಿದವರೆಲ್ಲ ಹಣವನ್ನು ಮೊದಲೇ ತೆಗೆದಿಟ್ಟಿದ್ದು, ಅವನ ಕೈಗೆ ತುರುಕಿ ಕಳಿಸುತ್ತಿದ್ದರು. ಇವಳು ಮಾತ್ರ ಅವನು ಸ್ಟೂಲಿನ ಮೇಲೆ ಕೂತ ನಂತರವೇ ಗಲ್ಲಾ ಎಳೆದು ಹುಡುಕಲು ಶುರು ಮಾಡುತ್ತಿದ್ದಳು. ಹುಡುಕುತ್ತಾ ಮಾತಾಡುತ್ತಿದ್ದಳು. ಮದುಮಗನ ಕೋಟಿಗೆ ಹೆಣ್ಣಿನ ಕಡೆಯವರು ಒಂದು ಬಣ್ಣ, ಗಂಡಿನ ಕಡೆಯವರು ಇನ್ನೊಂದು ಬಣ್ಣ ಹಿಡಿದು ಅಂಗಡಿಯಲ್ಲೇ ಜಗಳ ಆಡಿದ್ದು, ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಹುಡುಕುವ ಟೈಲರ್, ಇಂಥವೇ ವಿಷಯ. ಒಮ್ಮೆ ಅವನ ಕೊರಳು ನೋಡಿ ಹೇಳಿದಳು.

“ಕತ್ತಿನ ಗುಂಡಿವರೆಗೂ ಹಾಕ್ಕೊಳ್ಳೋರಿಗೆ ಹೆದರಿಕೆ ಜಾಸ್ತಿ ಇರುತ್ತೆ.”

“ನನಗೇನು ಹೆದರಿಕೆ?” ಅಂದ ಅವನು.

“ನನಗೇನು ಗೊತ್ತು? ಗುಂಡಿ ನೋಡಿ ಅನ್ನಿಸಿದ್ದು ಹೇಳಿದೆ ಅಷ್ಟೇ.”

ಮಾರನೇ ದಿನ ಅವನು ಮೇಲಿನ ಗುಂಡಿ ಬಿಚ್ಚಿಕೊಂಡು ಹೋದ. ಅವಳು ನೋಡಿದಳು, ಗಲ್ಲಾದೊಳಗೆ ಮುಖ ಹುದುಗಿಸಿ ಬಹಳ ಹೊತ್ತು ಹುಡುಕಿದಳು.

ಇನ್ನೊಂದು ವಿಷಯ. ಮಾರುಕಟ್ಟೆಯಲ್ಲಿ ಎಲ್ಲರೂ ಅವನನ್ನು ಎದುರಿಗೆ ‘ಅಣ್ಣ’ ಅನ್ನುತ್ತಿದ್ದರು. ಅವನಿಗಿಂತ ದೊಡ್ಡವನಾದ ಬೀಗದವನೂ ಅನ್ನುತ್ತಿದ್ದ. ಅವಳು ಒಂದು ದಿನವೂ ಅನ್ನಲಿಲ್ಲ. ‘ಬನ್ನಿ’, ‘ಕೂತ್ಕೊಳ್ಳಿ’, ‘ನಾಳೆ ಬರ್ತೀರಲ್ಲ’, ಹೀಗೆ ಕರೆಯಲು ಒಂದು ಹೆಸರೇ ಇಲ್ಲದೆ ವರ್ಷಗಟ್ಟಲೆ ಮಾತು ನಡೆದಿತ್ತು. ಅವನು ಅದನ್ನು ಗಮನಿಸಿದ್ದ. ಗಮನಿಸಿ, ಯಾರಿಗೂ ತೋರಿಸದೆ ಮನಸ್ಸಿನಲ್ಲಿಟ್ಟುಕೊಂಡಿದ್ದ.

ಆಮೇಲೆ ಸಂಘದವರು ಫೋನಿನಲ್ಲಿ ಹಣ ಕಟ್ಟುವ ವ್ಯವಸ್ಥೆ ತಂದರು. ಹಣ ಸಂಗ್ರಹಕ್ಕೆ ಹೋಗುವವರನ್ನೆಲ್ಲ ಕೂರಿಸಿಕೊಂಡು ಮ್ಯಾನೇಜರ್ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. “ಇನ್ಮುಂದೆ ಚೀಲ ಹಿಡಿದು ತಿರುಗೋ ಕೆಲಸ ಇರಲ್ಲ. ಅಂಗಡಿಯವರಿಗೆ ನೀವೇ ಕಲಿಸಬೇಕು. ನಿಮ್ಮ ಮಾತು ಅವರು ನಂಬ್ತಾರೆ. ಓಣಿ ಪೂರ್ತಿ ಕಲಿತರೆ ನಿಮಗೆ ಆಫೀಸಲ್ಲಿ ಕುರ್ಚಿ. ಇಲ್ಲಾಂದ್ರೆ ನನ್ನ ಕೈಲೂ ಏನೂ ಇಲ್ಲ.”

ಅವನು ಕಲಿಸಿದ. ತನ್ನ ಕೆಲಸವನ್ನು ತಾನೇ ಅಂಗಡಿ ಅಂಗಡಿಗೆ ಹೋಗಿ ಮುಗಿಸಿ ಬರುವಂಥ ಕೆಲಸ ಅದು. ಮೊಟ್ಟೆ ಅಂಗಡಿಯವಳು ಒಂದೇ ಸಲಕ್ಕೆ ಕಲಿತಳು. ಬೀಗದವನು, “ದುಡ್ಡು ಅಂದ್ರೆ ಕೈಗೆ ತಾಗಬೇಕಣ್ಣ, ಗಾಳೀಲಿ ಬಂದು ಗಾಳೀಲಿ ಹೋಗೋದನ್ನ ನಂಬೋದು ಹೇಗೆ?” ಅಂತ ವಾರಗಟ್ಟಲೆ ವಾದ ಮಾಡಿದ. ಕೊನೆಗೆ ಅವನೇ ಎಲ್ಲರಿಗಿಂತ ಮುಂದೆ ಹೋದ. ಸ್ಕ್ಯಾನ್ ಮಾಡುವ ಚೀಟಿಯನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿ, ಫೋನ್ ಮಾಡಿದವರ ಮನೆಬಾಗಿಲಿಗೇ ಹೋಗಿ ಬೀಗ ತೆಗೆದುಕೊಡಲು ಶುರು ಮಾಡಿದ. ಬೀಗ ಹಾಕಿಕೊಂಡು ಹೊರಗೆ ನಿಂತವರ ಹತ್ತಿರ ಪರ್ಸ್ ಇರುವುದಿಲ್ಲ, ಅದು ಒಳಗೇ ಉಳಿದಿರುತ್ತದೆ. ಆದರೆ ಫೋನ್ ಕೈಯಲ್ಲೇ ಇರುತ್ತದೆ. ಇದನ್ನು ಕಂಡುಹಿಡಿದದ್ದಕ್ಕೆ ಅವನಿಗೆ ತನ್ನ ಮೇಲೇ ಹೆಮ್ಮೆ.

ಗುಂಡಿ ಅಂಗಡಿಯವಳು ಮಾತ್ರ ಕಲಿಯಲಿಲ್ಲ. ದಿನಾ ಅವನು ಪಕ್ಕದಲ್ಲಿ ಕೂತು ತೋರಿಸುತ್ತಿದ್ದ. ಅವಳು ತಲೆ ಆಡಿಸುತ್ತಿದ್ದಳು. ಮರುದಿನ ಹೋದರೆ, “ಮರೆತೇ ಹೋಯ್ತು. ಇನ್ನೊಂದು ಸಲ ಹೇಳ್ಕೊಡಿ” ಅನ್ನುತ್ತಿದ್ದಳು. ಇಬ್ಬರ ತಲೆ ಒಂದೇ ಫೋನಿನ ಮೇಲೆ ಬಗ್ಗಿರುತ್ತಿತ್ತು. ಅವಳ ಕೈಗೆ ರಟ್ಟಿನ, ಹೊಸ ದಾರದ ವಾಸನೆ. ಬೇರೆ ಯಾರಾದರೂ ಇಷ್ಟು ಸಲ ಮರೆತಿದ್ದರೆ ಅವನಿಗೆ ತಾಳ್ಮೆ ತಪ್ಪುತ್ತಿತ್ತು. ಇವಳ ಅಂಗಡಿಗೆ ಬರುವಾಗ, ಇವತ್ತೂ ಮರೆತಿರಲಿ ಅಂದುಕೊಂಡೇ ಬರುತ್ತಿದ್ದ.

ಒಂದು ಬೆಳಿಗ್ಗೆ ದಾರಿಯಲ್ಲಿ ನಾದಿನಿ ಸಿಕ್ಕಳು. ಹೇಗೆ ನಡೀತಿದೆ ಅಂತ ಕೇಳಿದ್ದಕ್ಕೆ, “ನನಗೆ ಎಲ್ಲ ಸಲೀಸು. ಅತ್ತಿಗೆ ಹೇಳ್ಕೊಟ್ರಲ್ಲ” ಅಂದಳು. ಅವನು ನಿಂತಲ್ಲೇ ನಿಂತ. ನಾದಿನಿಗೆ ತಾನೇನು ಹೇಳಿದೆ ಅನ್ನುವುದು ಹೊಳೆದು, ಕೆಲಸವಿದೆ ಅಂತ ಸರಸರನೆ ಹೊರಟುಹೋದಳು.

ಅವನು ಗುಂಡಿ ಅಂಗಡಿಯವಳಿಗೆ ಇದನ್ನು ಹೇಳಲಿಲ್ಲ. ಅಂದು ಸಂಜೆಯೂ ಮೊದಲಿನಿಂದ ಹೇಳಿಕೊಟ್ಟ. ಇನ್ನೂ ಸ್ವಲ್ಪ ದಿನ ಹಾಗೇ ನಡೆಯುತ್ತಿತ್ತೇನೋ. ಆದರೆ ಓಣಿಯಲ್ಲಿ ಕಲಿಯದೆ ಉಳಿದದ್ದು ಅದೊಂದೇ ಅಂಗಡಿ, ಮೇಡಂ ಎರಡು ಸಲ ಕೇಳಿದ್ದರು. ಈ ವಿಷಯ ಬೀಗದವನ ಬಾಯಿಂದ ಅವಳ ಕಿವಿಗೆ ಬಿತ್ತು.

ಮರುದಿನ ಅವನು ಬಂದು ಕೂತಾಗ ಅವಳು ಗಲ್ಲಾ ಎಳೆಯಲಿಲ್ಲ. ಫೋನ್ ತೆಗೆದು, ಅವನು ನೋಡುತ್ತಿದ್ದಂತೆಯೇ, ಒಂದು ಕಡೆಯೂ ತಡವರಿಸದೆ ಹಣ ಕಟ್ಟಿದಳು.

“ಬಂತಾ?”

ಅವನು ತನ್ನ ಫೋನ್ ನೋಡಿ, “ಬಂತು” ಅಂದ.

“ಸರಿ ಇದೆಯಲ್ಲ?”

“ಸರಿಯಾಗಿದೆ. ಚೆನ್ನಾಗಿ ಕಲಿತಿದ್ದೀರಿ.”

“ಕಲಿಸಿದವರು ಚೆನ್ನಾಗಿ ಕಲಿಸಿದ್ರು. ಕುರ್ಚಿ ಸಿಗುತ್ತೆ ಅಂತೆ ನಿಮಗೆ. ಕಾಲಿಗೆ ವಿಶ್ರಾಂತಿ.”

“ಹೌದು” ಅಂದ ಅವನು. “ಹಾಗಾದ್ರೆ ನಾಳೆಯಿಂದ…” ಅಂತ ಅವನು ಶುರು ಮಾಡಿದ. ಅಷ್ಟರಲ್ಲಿ ಒಬ್ಬ ಟೈಲರ್ ಕಪ್ಪು ಕೋಟು ಹಿಡಿದು ಒಳಗೆ ಬಂದ. ಅವಳು ಏಣಿ ಹತ್ತಿದಳು. ಅವನು ಎದ್ದು ಹೊರಟ.

ಆಫೀಸಿನ ಕುರ್ಚಿ ಮೆತ್ತಗಿತ್ತು. ಎದುರಿಗೆ ಕಂಪ್ಯೂಟರ್ ಪರದೆ. ಎಲ್ಲೆಲ್ಲಿಂದಲೋ ಬರುವ ಪಾವತಿಗಳು ಅದರ ಮೇಲೆ ಸಾಲಾಗಿ ಮೂಡುತ್ತಿದ್ದವು, ಅವು ಸರಿಯಾದ ಖಾತೆಗೆ ಹೋಗುತ್ತಿವೆಯೇ ಅಂತ ನೋಡುವುದು ಅವನ ಕೆಲಸ. ಮೊದಲ ದಿನವೇ ಅವಳ ಸಾಲು ಬಂತು, ಸರಿಯಾಗಿ ನಾಲ್ಕು ಗಂಟೆಗೆ. ಅದರ ಪಕ್ಕದಲ್ಲಿ ‘ವಿವರ’ ಅನ್ನುವ ಒಂದು ಖಾಲಿ ಜಾಗ ಇರುತ್ತಿತ್ತು. ಕಟ್ಟುವವರು ಬೇಕಿದ್ದರೆ ಏನಾದರೂ ಬರೆಯಬಹುದು, ಯಾರೂ ಬರೆಯುತ್ತಿರಲಿಲ್ಲ. ಅವಳು ಬರೆದಿದ್ದಳು. ‘ಸ್ಟೂಲಿನ ಮೇಲೆ ಡಬ್ಬಿ ಇಟ್ಟಿದೀನಿ.’

ಅವನು ಅದನ್ನು ಓದಿದ. ಅತ್ತ ಇತ್ತ ನೋಡಿ ಮತ್ತೆ ಓದಿದ.

ಅಂದಿನಿಂದ ದಿನಾ ಒಂದೊಂದು ಸಾಲು. ‘ಹಿತ್ತಾಳೆ ಗುಂಡಿ ಹೊಸದು ಬಂದಿದೆ, ಹೊಳಪು ಜಾಸ್ತಿ.’ ‘ಮಾಡು ಸೋರ್ತಾ ಇದೆ.’ ‘ನಾದಿನಿಗೆ ಜ್ವರ.’ ‘ಜ್ವರ ಬಿಟ್ಟಿದೆ.’ ಅವನಿಗೇ ಅಂತ ಬರೆಯುತ್ತಿದ್ದಳೋ, ಖಾಲಿ ಜಾಗ ಕಂಡು ಸುಮ್ಮನೆ ಬರೆಯುತ್ತಿದ್ದಳೋ, ಅವನಿಗೆ ತಿಳಿಯುವ ದಾರಿ ಇರಲಿಲ್ಲ. ಉತ್ತರ ಕೊಡುವ ದಾರಿಯಂತೂ ಇಲ್ಲವೇ ಇಲ್ಲ. ಅಲ್ಲಿಂದ ಇಲ್ಲಿಗೆ ಹಣ ಬರುತ್ತದೆ, ಮಾತು ಬರುತ್ತದೆ. ಇಲ್ಲಿಂದ ಅಲ್ಲಿಗೆ ‘ಜಮಾ ಆಗಿದೆ’ ಎಂಬ ಎರಡು ಪದ, ಅದನ್ನು ಕಳಿಸುವುದೂ ಯಂತ್ರವೇ. ಅವಳ ಫೋನ್ ನಂಬರ್ ಅವನ ಹತ್ತಿರ ಇತ್ತು. ಸಂಘದ ಕೆಲಸಕ್ಕೆ ಬರೆದುಕೊಂಡ ನಂಬರನ್ನು ಸ್ವಂತಕ್ಕೆ ಒತ್ತುವುದು ಸರಿಯಲ್ಲ ಅಂದುಕೊಂಡ. ಹೆದರಿಕೆಗೆ ಅವನು ಕೊಟ್ಟುಕೊಂಡ ಹೆಸರು ಅದು.

ಆ ಸಾಲುಗಳಿಂದಲೇ ಅವನಿಗೆ ಅವಳ ವ್ಯಾಪಾರದ ಸುದ್ದಿ ತಿಳಿಯಿತು. ಯಾರೋ ದೂರದ ಊರಿನವರು ತಮ್ಮ ಹಳೆಯ ಕೋಟಿನ ಫೋಟೋ ಕಳಿಸಿ, ಕಳೆದುಹೋದ ಗುಂಡಿಗೆ ಜೊತೆ ಸಿಗುತ್ತದೆಯೇ ಅಂತ ಕೇಳಿದ್ದರಂತೆ. ಅವಳು ಹುಡುಕಿ, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದಳು. ಅವರು ಕೂತಲ್ಲಿಂದಲೇ ಹಣ ಕಳಿಸಿದರು. ಮೊದಲಾಗಿದ್ದರೆ ಒಂದು ಗುಂಡಿಗಾಗಿ ಯಾರು ಮನಿಯಾರ್ಡರ್ ಮಾಡುತ್ತಿದ್ದರು? ಗುಂಡಿಗಿಂತ ಕಳಿಸುವ ಖರ್ಚೇ ಹೆಚ್ಚು. ಈಗ ಹಾಗಿಲ್ಲ. ಅವರು ತಮ್ಮ ಅಕ್ಕತಂಗಿಯರಿಗೆ ಹೇಳಿದರು, ಅವರು ಇನ್ಯಾರಿಗೋ. ತೀರಿಹೋದ ತಂದೆಯ ಕೋಟು, ಬಾಣಂತನದಲ್ಲಿ ಅಜ್ಜಿ ಹೆಣೆದ ಸ್ವೆಟರ್, ಇಂಥ ಬಿಸಾಡಲಾರದ ಬಟ್ಟೆಗಳು ಎಲ್ಲ ಊರುಗಳಲ್ಲೂ ಒಂದೊಂದು ಗುಂಡಿ ಇಲ್ಲದೆ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಅವಳ ಡಬ್ಬಿಗಳಲ್ಲಿ ಯಾರೂ ಕೇಳದೆ ಕೂತಿದ್ದ ಹಳೆ ಗುಂಡಿಗಳಿಗೆ ಕೇಳುವವರು ಹುಟ್ಟಿಕೊಂಡರು.

‘ಇವತ್ತು ಸಮುದ್ರದ ಆಚೆಯಿಂದ ಒಂದು ಫೋಟೋ ಬಂತು’ ಅಂತ ಒಂದು ದಿನ ಬರೆದಿದ್ದಳು. ಅವನಿಗೆ ಖುಷಿಯಾಯಿತು. ಹಿಂದೆಯೇ, ತಾನು ಅಲ್ಲಿದ್ದಿದ್ದರೆ ಆ ಫೋಟೋವನ್ನು ಅವಳು ಫೋನ್ ತಿರುಗಿಸಿ ತೋರಿಸುತ್ತಿದ್ದಳು ಅನ್ನಿಸಿ ಆ ಖುಷಿ ಅರ್ಧಕ್ಕೇ ನಿಂತಿತು.

ಬೇಸಿಗೆ ಕಳೆದ ಮೇಲೆ ಸಂಘದವರು ಆ್ಯಪನ್ನು ಹೊಸದಾಗಿ ಮಾಡಿಸಿದರು. ಏನು ಇರಬೇಕು, ಏನು ಬೇಡ ಅಂತ ಮೇಡಂ ಎಲ್ಲರನ್ನೂ ಕೇಳುತ್ತಿದ್ದರು. “ಈ ವಿವರದ ಜಾಗ ಯಾರಾದ್ರೂ ಬಳಸ್ತಾರಾ?”

ಅವನು ನಿಧಾನವಾಗಿ, “ಒಬ್ಬರು ಬಳಸ್ತಾರೆ” ಅಂದ.

“ಒಬ್ಬರಾ? ಒಬ್ಬರಿಗೋಸ್ಕರ ಇಟ್ಕೊಳ್ಳೋಕಾಗುತ್ತಾ?” ಮೇಡಂ ನಕ್ಕರು. ಕೆಟ್ಟ ನಗು ಅಲ್ಲ, ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ಇನ್ನೊಂದು ಮಾತು ಹೇಳಬೇಕು ಅಂತ ಅವನು ಬಾಯಿ ತೆರೆದ. ಏನು ಹೇಳುವುದು? ಅಷ್ಟರಲ್ಲಿ ಮೇಡಂ ಮುಂದಿನ ವಿಷಯಕ್ಕೆ ಹೋಗಿದ್ದರು.

ಹೊಸ ಆ್ಯಪಿನಲ್ಲಿ ಆ ಜಾಗ ಇರಲಿಲ್ಲ. ಅವಳ ಸಾಲು ಬರುತ್ತಿತ್ತು, ಅದೇ ಹೊತ್ತಿಗೆ, ಬರೀ ಅಂಕಿ. ಕೆಲವು ವಾರ ಕಳೆದ ಮೇಲೆ ಅದೂ ನಾಲ್ಕಕ್ಕೆ ಬರುವುದು ನಿಂತಿತು. ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ, ಬಿಡುವಾದಾಗ ಕಟ್ಟುವ ಎಲ್ಲರ ಹಾಗೆ. ಅವನು ಮನೆಯಲ್ಲಿ ಮಾತು ಕಡಿಮೆ ಮಾಡಿದ. ಅನ್ನದ ತಟ್ಟೆ ಮುಂದೆ ಇಟ್ಟುಕೊಂಡು ಕಿಟಕಿ ನೋಡುತ್ತಿದ್ದ.

ಒಂದು ರಜೆಯ ದಿನ ಬೆಳಿಗ್ಗೆ ಅಕ್ಕ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ನೇರವಾಗಿ ಕೇಳಿದಳು. “ಆ ಗುಂಡಿ ಅಂಗಡಿಯವಳು ಹೇಗಿದ್ದಾಳೆ?”

“ನನಗೇನು ಗೊತ್ತು? ಈಗ ನಾನು ಆ ಕಡೆ ಹೋಗಲ್ಲವಲ್ಲ.”

“ಅದಕ್ಕೇ ಕೇಳಿದ್ದು. ಹೋಗ್ತಿದ್ದಾಗ ಮನೆಗೆ ಬಂದು ಅವಳ ಮಾತೇ ಆಡ್ತಿದ್ದೆ. ಟೈಲರ್ ಕನ್ನಡಕದ ಕಥೆ ನನಗೆ ಬಾಯಿಪಾಠ ಆಗಿದೆ.” ಎಣ್ಣೆ ಬಾಟಲಿ ಮುಚ್ಚಳ ತಿರುಗಿಸುತ್ತಾ ಸ್ವಲ್ಪ ತಡೆದಳು. “ಅವಳು ನಿನ್ನನ್ನ ಅಣ್ಣ ಅಂತಾಳಾ?”

“ಇಲ್ಲ.”

“ಎಷ್ಟು ವರ್ಷದಲ್ಲಿ ಒಂದು ಸಲಾನೂ ಇಲ್ಲ?”

“ಇಲ್ಲ.”

“ಹೆಂಗಸು ಇನ್ನೂ ಹೇಗೆ ಹೇಳಬೇಕು ನಿನಗೆ? ಡಂಗುರ ಹೊಡೆಸಬೇಕಾ?”

ಅವನು ಅಂಗಿ ಹಾಕಿಕೊಂಡು ಹೊರಟ.

ಓಣಿ ಗುರುತು ಸಿಗದಷ್ಟು ಬದಲಾಗಿರಲಿಲ್ಲ. ಹಣ ಬಂತೆಂದು ಕೂಗುವ ಡಬ್ಬಿ ಪ್ರತಿ ಅಂಗಡಿಯಲ್ಲೂ ಇತ್ತು, ಒಂದರ ಮೇಲೊಂದು ಮಾತಾಡುತ್ತಿದ್ದವು. ಕೊನೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಪೇರಿಸಿಟ್ಟಿದ್ದರು. ಅಲ್ಲಿದ್ದ ಮನುಷ್ಯನನ್ನು ಅವನು ಯಾವತ್ತೂ ನೋಡಿರಲಿಲ್ಲ. ಅವನು ಅಲ್ಲೇ ನಿಂತುಬಿಟ್ಟದ್ದು ಕಂಡು ಬೀಗದವನು ಸೈಕಲ್ಲು ಸ್ಟಾಂಡಿಗೆ ಹಾಕಿ ಹತ್ತಿರ ಬಂದ.

“ಅಂಗಡಿ ಬಿಟ್ಟು ಬಹಳ ದಿನ ಆಯ್ತಣ್ಣ. ಈ ಜಾಗ ಸಾಲ್ತಿರಲಿಲ್ಲ. ಪ್ರೆಸ್ಸಿನ ಹಿಂದಿನ ಬೀದೀಲಿ ಮಹಡಿ ಮೇಲೆ ರೂಮು ಮಾಡಿದ್ದಾರೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಮಹಡಿಯ ಮೆಟ್ಟಿಲು ಕಡಿದಾಗಿತ್ತು. ಬಾಗಿಲು ತೆರೆದಿತ್ತು. ಉದ್ದದ ಮೇಜಿನ ತುಂಬ ಲಕೋಟೆ, ಪುಟ್ಟ ತಕ್ಕಡಿ, ಗುಂಡಿಯ ಫೋಟೋ ತೆಗೆಯಲು ಬಗ್ಗಿಸಿಟ್ಟ ದೀಪ. ಗೋಡೆಗೆ ಅವೇ ರಟ್ಟಿನ ಡಬ್ಬಿಗಳು. ವಿಳಾಸ ಬರೆಯುತ್ತಿದ್ದ ನಾದಿನಿ ತಲೆ ಎತ್ತಿ ನೋಡಿ, ಒಳಕ್ಕೆ ಮುಖ ತಿರುಗಿಸಿ ಹೇಳಿದಳು. “ಅತ್ತಿಗೆ, ನಾಲ್ಕು ಗಂಟೆ ಬಂದಿದ್ದಾರೆ. ಹನ್ನೊಂದು ಗಂಟೆಗೇ.”

ಅವಳು ಕೈಯಲ್ಲಿ ಕತ್ತರಿ ಹಿಡಿದೇ ಹೊರಗೆ ಬಂದಳು. ತಲೆಯ ಮುಂಭಾಗದಲ್ಲಿ ಬಿಳಿ ಕೂದಲು ಹೆಚ್ಚಾಗಿತ್ತು. “ಬನ್ನಿ” ಅಂದಳು. ಕೂರಲು ಜಾಗ ಹುಡುಕಿ, ಕುರ್ಚಿಯ ಮೇಲಿದ್ದ ಲಕೋಟೆಗಳ ಕಟ್ಟನ್ನು ನೆಲಕ್ಕಿಟ್ಟಳು. ನಾದಿನಿ ಅಂಚೆ ಕಚೇರಿಗೆ ಹೋಗಬೇಕೆಂದು ಚೀಲ ತುಂಬಿಕೊಂಡು ಇಳಿದುಹೋದಳು.

“ಸಂಘದ ಕೆಲಸ ಏನಾದ್ರೂ ಇತ್ತಾ?”

“ಇಲ್ಲ” ಅಂದ ಅವನು. “ಸುಮ್ಮನೆ ಬಂದೆ.”

“ಇಷ್ಟು ದಿನ ಯಾಕೆ ಬರಲಿಲ್ಲ?”

“ಏನಂತ ಬರೋದು? ಕೆಲಸ ಇರಲಿಲ್ಲವಲ್ಲ.”

“ಕೆಲಸ ಇಲ್ಲದೆ ಬರಬಾರದು ಅಂತ ಯಾರು ಹೇಳಿದ್ರು ನಿಮಗೆ?”

ಅವನು ಮೇಜಿನ ಮೇಲಿನ ಒಂದು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ, “ನೀವು ವಿವರದಲ್ಲಿ ಬರೆದದ್ದೆಲ್ಲ ಓದ್ತಿದ್ದೆ” ಅಂದ. “ಎಲ್ಲಾನೂ. ಆ ಜಾಗ ತೆಗೆದುಹಾಕಿದ್ದು ನಾನಲ್ಲ. ಬೇಕು ಅಂತ ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ.”

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. “ನೀವು ಓದ್ತೀರಿ ಅಂತ ಗೊತ್ತಿತ್ತು. ಉತ್ತರ ಬರಲ್ಲ ಅಂತಾನೂ ಗೊತ್ತಿತ್ತು. ದಿನಾ ಬರೆದಾದ ಮೇಲೆ ಸ್ವಲ್ಪ ಹೊತ್ತು ಫೋನ್ ನೋಡ್ತಾ ಕೂರ್ತಿದ್ದೆ. ಹುಚ್ಚು.” ಅವಳು ನಕ್ಕಳು, ಆದರೆ ನಗು ನಿಲ್ಲಲಿಲ್ಲ ಮುಖದಲ್ಲಿ. “ಆ ಜಾಗ ಇಲ್ಲದ ದಿನ, ನೀವೇ ಬೇಡ ಅಂದಿರಬೇಕು ಅಂದ್ಕೊಂಡೆ. ಹೆಂಗಸು ಅತಿ ಮಾಡಿದಳು ಅಂತ.”

“ಛೆ, ಇಲ್ಲ” ಅಂದ ಅವನು. ಅಷ್ಟೇ ಅಂದದ್ದು. ಆದರೆ ಅವನು ಅದನ್ನು ಹೇಳಿದ ರೀತಿಗೆ ಅವಳು ಕಣ್ಣು ಬೇರೆ ಕಡೆ ತಿರುಗಿಸಬೇಕಾಯಿತು.

ಆಮೇಲೆ ಅವಳು ಹೇಳಿದಳು. ಸಮುದ್ರದ ದಂಡೆಯ ಊರಿನಲ್ಲಿ ಬಟ್ಟೆ ಹೊಲಿಯುವ ದೊಡ್ಡ ದೊಡ್ಡ ಕಾರ್ಖಾನೆಗಳಿವೆ. ಅಲ್ಲಿ ಉಳಿದ ಗುಂಡಿಗಳನ್ನು ಮೂಟೆಗಟ್ಟಲೆ ಮಾರುತ್ತಾರೆ, ಬಂದರು ಹತ್ತಿರ, ಹೊರದೇಶಕ್ಕೆ ಕಳಿಸುವುದು ಸುಲಭ. ಇವಳ ಕೆಲಸ ನೋಡಿದ ಒಬ್ಬರು ಅಲ್ಲಿ ಜಾಗ ಕೊಡಿಸಿದ್ದಾರೆ. ಅವಳೂ ನಾದಿನಿಯೂ ತಿಂಗಳೊಳಗೆ ಹೊರಡುತ್ತಿದ್ದಾರೆ. ಮುಂಗಡ ಕೊಟ್ಟಾಗಿದೆ, ಮನೆ ನೋಡಿಯಾಗಿದೆ.

“ರೈಲಲ್ಲಿ ಅರ್ಧ ದಿನದ ದಾರಿ” ಅಂದಳು.

ಹೋಗಬೇಡಿ ಅನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅವನು ಕೋಣೆಯನ್ನು ಒಮ್ಮೆ ಸುತ್ತಲೂ ನೋಡಿದ. ತಗಡಿನ ಓಣಿಯಲ್ಲಿ ಸಂಜೆಗೊಬ್ಬ ಟೈಲರ್‌ಗೆ ಕಾಯುತ್ತಿದ್ದವಳು ಇವಳೇ. “ಒಳ್ಳೇದಾಯ್ತು” ಅಂದ, ಮನಸ್ಸಿನಿಂದಲೇ. ಆಮೇಲೆ, “ಇವತ್ತು ನನಗೆ ರಜೆ. ಈ ಲಕೋಟೆ ಅಂಟಿಸೋದು ನನಗೆ ಬರುತ್ತೆ” ಅಂದ.

ಸಂಜೆಯವರೆಗೂ ಇಬ್ಬರೂ ಮೇಜಿನ ಎರಡು ಕಡೆ ಕೂತು ಲಕೋಟೆ ಅಂಟಿಸಿದರು. ವರ್ಷಗಳಿಂದ ಆಡದ ಮಾತನ್ನೆಲ್ಲ ಆಡಿದರು ಅಂತೇನೂ ಅಲ್ಲ. ಆದರೆ ಅವನು ಏಳುವ ಹೊತ್ತಾಯಿತೇ ಅಂತ ಯಾರೂ ಗಡಿಯಾರ ನೋಡಲಿಲ್ಲ.

ಅವರು ಹೊರಟ ದಿನ ಅವನು ಡಬ್ಬಿಗಳನ್ನು ಲಾರಿಗೆ ಏರಿಸಿಕೊಟ್ಟ. ಮುಂದಿನ ತಿಂಗಳು ರಜೆ ಹಾಕಿ ರೈಲು ಹತ್ತಿದ. ಅದರ ಮುಂದಿನ ತಿಂಗಳೂ ಹೋದ. ಈಗ ಅದು ಅಭ್ಯಾಸವಾಗಿದೆ. ಬೆಳಿಗ್ಗೆ ಇಳಿದು ಸಂಜೆಯ ರೈಲಿಗೆ ಹಿಂತಿರುಗುತ್ತಾನೆ. ಆಫೀಸಿನವರು ಏನು ಕೆಲಸ ಅಂತ ಕೇಳಿದರೆ, “ಏನೂ ಕೆಲಸ ಇಲ್ಲ” ಅನ್ನುತ್ತಾನೆ. ಅವಳ ಬಳಿ ಈಗ ಕಾರ್ಖಾನೆಯ ಹೊಲಿಗೆ ಕೆಲಸ ಬಿಟ್ಟ ಹೆಂಗಸರು ನಾಲ್ಕಾರು ಜನ ಕೆಲಸಕ್ಕಿದ್ದಾರೆ. ಅವರು ಅವನಿಗೆ ‘ಅಣ್ಣ’ ಅನ್ನುತ್ತಾರೆ.

ಅವಳು ಅವನಿಗೆ ಇಲ್ಲೇ ಇದ್ದುಬಿಡಿ ಅಂತ ಒಂದೇ ಒಂದು ಸಲ ಹೇಳಿದ್ದಳು, ನೀರಿನ ಲೋಟ ಕೊಡುತ್ತಾ, ಬೇರೆ ಮಾತಿನ ನಡುವೆ. ಅಕ್ಕನಿಗೆ ಈಗ ಕೋಲಿಲ್ಲದೆ ಬಾಗಿಲವರೆಗೂ ಬರಲಾಗುವುದಿಲ್ಲ. ಅಕ್ಕ ಹೋಗು ಅಂತಲೇ ಅನ್ನುತ್ತಾಳೆ. ತಾನು ಮಾತ್ರ ಹುಟ್ಟಿದ ಬೀದಿ ಬಿಟ್ಟು ಬರುವುದಿಲ್ಲ ಅಂತಾಳೆ. ಮುಂದಿನ ಸಲ ಹೋದಾಗ ಅವನು ಅವಳಿಗೆ ಇದನ್ನು ಹೇಳಿದ. ಅವಳು, “ನೀವು ಹಾಗೆ ಬಿಟ್ಟು ಬರೋರಾಗಿದ್ದರೆ ನಾನು ಕೇಳ್ತಾನೂ ಇರಲಿಲ್ಲ” ಅಂದಳು.

ಮೊನ್ನೆ ಸ್ಟೇಷನ್ನಿಗೆ ಅವಳೂ ಬಂದಿದ್ದಳು, ಅಂಚೆಗೆ ಹಾಕುವ ಚೀಲ ಹೆಗಲಿಗೆ ಹಾಕಿಕೊಂಡೇ. ರೈಲು ಬರುವುದು ತಡವಾಗಿತ್ತು. ತಡವಾದಷ್ಟೂ ಇಬ್ಬರಿಗೂ ಸಮಾಧಾನ. ಗಾಳಿಗೆ ಅವಳ ಸೆರಗು ಹಾರಿ ಹಾರಿ ಅವನ ತೋಳಿಗೆ ತಾಗುತ್ತಿತ್ತು, ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಗಾಡಿ ಬಂದು ಅವನು ಕಿಟಕಿ ಪಕ್ಕ ಕೂತ ಮೇಲೆ, ಅವಳು ಕಂಬಿ ಹಿಡಿದು ಕೇಳಿದಳು.

“ತಲುಪಿದ ಮೇಲೆ ಫೋನ್ ಮಾಡ್ತೀರಾ?”

“ತಲುಪೋಕೆ ಮುಂಚೇನೇ ಮಾಡ್ತೀನಿ.”

ಗಾಡಿ ಹೊರಟಿತು. ಸ್ವಲ್ಪ ದೂರ ಸಮುದ್ರ ಹಳಿಯ ಜೊತೆಗೇ ಬಂತು. ಆಮೇಲೆ ಗುಡ್ಡ ಅಡ್ಡ ಬಂದು ಅದು ಕಾಣಲಿಲ್ಲ. ಆದರೆ ಅವನು ಮುಖವನ್ನು ಅದೇ ಕಡೆಗೆ ಇಟ್ಟುಕೊಂಡು ಕೂತಿದ್ದ.